ವಾರದ ಅವಲೋಕನ: ಭಾನುವಾರ ರಾತ್ರಿಯೋ, ಶುಕ್ರವಾರ ಸಂಜೆಯೋ?

ವಾರಕ್ಕೊಮ್ಮೆ ಕುಳಿತು ಬಾಕಿ ಕೆಲಸಗಳನ್ನು ನೋಡಿಕೊಳ್ಳಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಯಾವ ದಿನ, ಆ್ಯಪ್‌ನಲ್ಲೋ ಪುಸ್ತಕದಲ್ಲೋ ಎಂಬುದರ ಬಗ್ಗೆ. ನಾನಿರುವುದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ. ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಯ ಮಾರಾಟ ವಿವರವಾದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಒಪ್ಪಿಸುವ 3ಬಿ. ಅವಲೋಕನ ತಪ್ಪಿತೆಂದರೆ ದಂಡ ಕಟ್ಟುವವರು ನಮ್ಮ ಗ್ರಾಹಕರು. ಹಾಗಾಗಿ ಭಾನುವಾರ, ಶನಿವಾರ, ಶುಕ್ರವಾರ ಮೂರನ್ನೂ ಸರದಿಯಂತೆ ಪ್ರಯತ್ನಿಸಿದ್ದೇನೆ.

ಭಾನುವಾರ ರಾತ್ರಿಗೆ ಹೆಸರು ಜಾಸ್ತಿ. ಮನೆ ಶಾಂತವಾಗಿರುತ್ತದೆ, ಪಟ್ಟಿಯೂ ಅಚ್ಚುಕಟ್ಟಾಗಿ ಸಿದ್ಧವಾಗುತ್ತದೆ. ಆದರೆ ಹಾರ್ಡ್‌ವೇರ್ ಅಂಗಡಿಯವರ ಖರೀದಿ ಬಿಲ್ ಬಂದಿಲ್ಲ ಎಂದು ರಾತ್ರಿ ಒಂಬತ್ತೂವರೆಗೆ ತಿಳಿದರೆ ಮಾಡುವುದೇನು? ಫೋನ್ ಮಾಡುವಂತಿಲ್ಲ. ಆ ಚಿಂತೆಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಬೇಕು, ಅಷ್ಟೇ. ಮೇಲಾಗಿ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಭಾನುವಾರಕ್ಕೇ ಗಂಟು ಬಿದ್ದಿರುತ್ತವೆ.

ಶನಿವಾರ ಬೆಳಿಗ್ಗೆ ವಾಸಿ, ಆದರೆ ಅರೆಬರೆ. 2015ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಖಾತೆಯ ಯಾವ ಗೊಂದಲಕ್ಕೂ ಅಂದು ಉತ್ತರ ಸಿಗುವುದಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ತಲೆ ಮಂಕಾಗಿರುತ್ತದೆ ಎಂದು ಗೆಳೆಯರು ಆಕ್ಷೇಪಿಸುತ್ತಾರೆ. ನಿಜ. ಆದರೆ ಈ ಕೆಲಸಕ್ಕೆ ಬುದ್ಧಿಗಿಂತ ಬಾಯಿ ಬೇಕು. ಪಟ್ಟಿಯಲ್ಲಿ ಬೆರಳಿಟ್ಟು ನಂಬರ್ ಒತ್ತಿದರಾಯಿತು: “ಯಜಮಾನರೇ, ಎರಡು ಖರೀದಿ 2ಬಿಯಲ್ಲಿ ಕಾಣಿಸುತ್ತಿಲ್ಲ, ಬಿಲ್ ಒಮ್ಮೆ ನೋಡಬೇಕಿತ್ತು.” “ಈಗಲೇ ಹುಡುಗನಿಗೆ ಹೇಳುತ್ತೇನೆ ಸ್ವಾಮಿ.” (2ಬಿ ಎಂದರೆ ಮಾರಿದವರು ತುಂಬಿದ ವಿವರದಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಯಾರಾಗುವ ಖರೀದಿ ಪಟ್ಟಿ.) ಐದರೊಳಗೆ ಬಿಲ್ಲಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ. ವಾರದ ಅವಲೋಕನವನ್ನು ಜನಪ್ರಿಯಗೊಳಿಸಿದ ‘ಗೆಟ್ಟಿಂಗ್ ಥಿಂಗ್ಸ್ ಡನ್’ ಪುಸ್ತಕದ ಲೇಖಕ ಡೇವಿಡ್ ಅಲೆನ್ ಕೂಡ ವಾರದ ಕೊನೆಯ ಕೆಲಸದ ದಿನದ ಮಧ್ಯಾಹ್ನವನ್ನೇ ಸೂಚಿಸುತ್ತಾರೆ. ಅವರು ಎರಡು ಗಂಟೆ ಎತ್ತಿಡಿ ಎನ್ನುತ್ತಾರೆ. ನನಗೆ ಮುಕ್ಕಾಲು ಗಂಟೆ ಸಾಕು.

ಇನ್ನೊಂದು ಅನುಕೂಲವಿದೆ. 2ಬಿ ಪಟ್ಟಿ ತಯಾರಾಗುವುದು 14ಕ್ಕೆ, 3ಬಿ ಗಡುವು 20ಕ್ಕೆ. ಆ ಏಳು ದಿನಗಳಲ್ಲಿ ಒಂದು ಶುಕ್ರವಾರ ಬಂದೇ ಬರುತ್ತದೆ. ಅದು 20ನೇ ತಾರೀಖೇ ಆಗಿಬಿಟ್ಟರೆ ಮಾತ್ರ ಅವಲೋಕನಕ್ಕೆ ಪುರಸತ್ತಿಲ್ಲ, ಬರೀ ಓಟ.

ಇನ್ನು ಆ್ಯಪ್ ಮತ್ತು ಪುಸ್ತಕದ ಜಗಳ. ತಿಂಗಳು ತಿಂಗಳು ಮರಳುವ ತಾರೀಖುಗಳಿಗೆ ಫೋನನ್ನು ಮೀರಿಸುವುದು ಯಾವುದೂ ಇಲ್ಲ. ಒಮ್ಮೆ ಹಾಕಿಟ್ಟರೆ ತಾನೇ ಕೂಗುತ್ತದೆ. ಉಳಿದ ಕೆಲಸಗಳಿಗೆ ಮಾತ್ರ ಆ್ಯಪ್ ನನಗೆ ಒಗ್ಗಲಿಲ್ಲ. ಬೆರಳು ತಾಗಿಸಿದರೆ ಬಾಕಿ ಕೆಲಸ ಮುಂದಿನ ವಾರಕ್ಕೆ ಜಾರುತ್ತದೆ, ಮತ್ತೆ ತಾಗಿಸಿದರೆ ಅದರ ಮುಂದಿನ ವಾರಕ್ಕೆ. “ಹಳೆಯ ಫೈಲುಗಳ ಕಪಾಟು ಜೋಡಿಸುವುದು” ಎಂಬ ಸಾಲು ನನ್ನ ಫೋನಿನಲ್ಲಿ ಹೀಗೆಯೇ ಚಿರಂಜೀವಿಯಾಗಿತ್ತು. ಲಾಂಗ್ ಬುಕ್ಕಿನಲ್ಲಾದರೆ ಅದನ್ನು ಪ್ರತಿ ವಾರ ಹೊಸ ಪುಟಕ್ಕೆ ಕೈಯಾರೆ ಬರೆಯಬೇಕು. ಮೂರನೇ ಸಲ ಬರೆಯುವಾಗ ಕೈಯೇ ಕೇಳುತ್ತದೆ, ಇದು ಬೇಕೇ ಎಂದು. ಕೆಲಸದ ಪಟ್ಟಿಯನ್ನು ಪುಸ್ತಕದಲ್ಲಿ ಕೈಯಾರೆ ಬರೆದಿಡುವ ಬುಲೆಟ್ ಜರ್ನಲ್ ಪದ್ಧತಿಯನ್ನು ರೂಪಿಸಿದ ರೈಡರ್ ಕ್ಯಾರೊಲ್ ಈ ಮರುಬರವಣಿಗೆಯನ್ನು ಬೇಕೆಂದೇ ಇಟ್ಟಿದ್ದಾರೆ. ಎರಡು ಕಡೆ ಪಟ್ಟಿ ಇಡಬಾರದು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ: ತಾರೀಖು ಫೋನಿಗೆ, ಉಳಿದದ್ದು ಪುಸ್ತಕಕ್ಕೆ.

ಶುಕ್ರವಾರಕ್ಕಿರುವ ದೊಡ್ಡ ಕುಂದು ಶ್ರಾವಣ ಮಾಸ. ವರಮಹಾಲಕ್ಷ್ಮಿ ಹಬ್ಬದ ದಿನ ಯಾರು ಫೋನ್ ಎತ್ತುತ್ತಾರೆ? ಅಂಥ ವಾರ ಗುರುವಾರವೇ ಮುಗಿಸಿಕೊಳ್ಳಬೇಕು. ಸೋಮವಾರಕ್ಕೆ ಎಂದು ತಳ್ಳಿದರೆ ಆ ವಾರದ್ದು ಹೋದಂತೆಯೇ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಬಾಗಿಲಲ್ಲಿ ಆಗಲೇ ನಾಲ್ವರು ಕಾಯುತ್ತಿರುತ್ತಾರೆ.