ಗೂಗಲ್ ಅನಲಿಟಿಕ್ಸ್, ಮ್ಯಾಟೊಮೊ, ಪ್ಲಾಸಿಬಲ್: ಮೂರನ್ನೂ ಒಟ್ಟಿಗೆ ಹಾಕಿ ನೋಡಿದಾಗ

ಕೈತೋಟದ ಬಗ್ಗೆ ಬರೆಯುವ ನನ್ನ ವೆಬ್‌ಸೈಟಿಗೆ ಗೂಗಲ್ ಅನಲಿಟಿಕ್ಸ್ 4, ಮ್ಯಾಟೊಮೊ, ಪ್ಲಾಸಿಬಲ್ ಎಂಬ, ಎಷ್ಟು ಜನ ಬಂದು ಓದಿದರು ಅಂತ ಲೆಕ್ಕ ಇಡುವ ಮೂರು ಸಾಧನಗಳನ್ನೂ ಒಟ್ಟಿಗೆ ಹಾಕಿದೆ. ಅದೇ ಪುಟ, ಅದೇ ಓದುಗರು. ಆದರೂ ಮೂರರಲ್ಲೂ ಬೇರೆ ಬೇರೆ ಲೆಕ್ಕ ಬಂತು. ಯಾವುದೂ ಕೆಟ್ಟಿರಲಿಲ್ಲ. ಒಬ್ಬ ಓದುಗನನ್ನು ಗುರುತಿಸುವ ರೀತಿಯೇ ಬೇರೆ ಬೇರೆ, ಅಷ್ಟೆ.

ಗೂಗಲ್ ಗುರುತಿಸುವುದು ಕುಕಿಯಿಂದ, ಅಂದರೆ ಓದುಗರ ಬ್ರೌಸರ್‌ನಲ್ಲಿ ಉಳಿಸುವ ಒಂದು ಪುಟ್ಟ ಗುರುತಿನಿಂದ. ಪ್ಲಾಸಿಬಲ್‌ಗೆ ಕುಕಿಯೇ ಇಲ್ಲ. ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಸಂಖ್ಯೆ), ಬ್ರೌಸರ್ ವಿವರ ಸೇರಿಸಿ ಆ ದಿನದ ಮಟ್ಟಿಗೆ ಒಂದು ಗುರುತು ಮಾಡಿಕೊಳ್ಳುತ್ತದೆ. ನಾಳೆ ಅದೇ ಮನುಷ್ಯ ಬಂದರೆ ಹೊಸಬ. ಹಾಗಾಗಿ ತಿಂಗಳ ಲೆಕ್ಕ ಉಬ್ಬುತ್ತದೆ. ಇದಕ್ಕೆ ಉಲ್ಟಾನೂ ಆಗುತ್ತದೆ. ಒಂದೇ ಹಾಸ್ಟೆಲ್ ವೈಫೈನಲ್ಲಿ ಇಬ್ಬರು ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಓದಿದರೆ ಒಬ್ಬರೇ ಅಂತ ದಾಖಲಾಗಬಹುದು. ದಿನದ ಲೆಕ್ಕಕ್ಕೆ ಪ್ಲಾಸಿಬಲ್ ನಂಬಬಹುದು, ತಿಂಗಳ ಓದುಗರ ಲೆಕ್ಕಕ್ಕೆ ನಾನು ನಂಬಲ್ಲ.

ನನಗೆ ಜಾಸ್ತಿ ತಲೆ ಕೆಡಿಸಿದ್ದು ಓದಿದ ಸಮಯ. ಕರಿಬೇವಿನ ಗಿಡದ ರೋಗದ ಬಗ್ಗೆ ಉದ್ದ ಲೇಖನ ಒಂದಿದೆ. ಜನ ವಾಟ್ಸ್ಆ್ಯಪ್ ಲಿಂಕ್ ಒತ್ತಿ ಬರುತ್ತಾರೆ, ಪೂರ್ತಿ ಓದುತ್ತಾರೆ, ಹೋಗುತ್ತಾರೆ. ಮ್ಯಾಟೊಮೊದಲ್ಲಿ ಅಂಥವರ ಸಮಯ 0 ಸೆಕೆಂಡ್! ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗಲೇ ಅದು ನಡುವಿನ ಸಮಯ ಅಳೆಯುವುದು, ಎರಡನೇ ಪುಟ ಇಲ್ಲದಿದ್ದರೆ ಅಳೆಯಲು ಏನೂ ಇಲ್ಲ. ಲೆಕ್ಕ ಇಡಲು ಪುಟದಲ್ಲಿ ಹಾಕಿರುವ ಟ್ರ್ಯಾಕಿಂಗ್ ಕೋಡಿಗೆ, ಓದುಗ ಇನ್ನೂ ಪುಟದಲ್ಲಿದ್ದಾನೆ ಅಂತ ಆಗಾಗ ತಿಳಿಸುವ ಹಾರ್ಟ್‌ಬೀಟ್ ಟೈಮರ್ ಅನ್ನೋ ಒಂದು ಸಾಲು ಸೇರಿಸಿದೆ, ಸಮಯ ಕಾಣತೊಡಗಿತು. ಗೂಗಲ್ ಇಲ್ಲಿ ಮೊದಲಿಂದಲೇ ಚೆನ್ನಾಗಿದೆ. ಟ್ಯಾಬ್ ಕಣ್ಣೆದುರು ಇದ್ದಷ್ಟು ಹೊತ್ತನ್ನು ಮಾತ್ರ ಎಣಿಸುತ್ತದೆ.

ಆದರೆ ಗೂಗಲ್‌ನಲ್ಲಿ ಸೆಟ್ಟಿಂಗ್ ಕೆಲಸ ಜಾಸ್ತಿ. ಟೈಮ್ ಝೋನ್ ಭಾರತಕ್ಕೆ ಇದೆಯಾ ಮೊದಲು ನೋಡಿ, ಇಲ್ಲದಿದ್ದರೆ ದಿನದ ಲೆಕ್ಕ ನಮ್ಮ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ವಿವರವಾದ ಡೇಟಾ 2 ತಿಂಗಳಷ್ಟೇ ಇರುವಂತೆ ಸೆಟ್ ಆಗಿರುತ್ತದೆ, ಅದನ್ನು 14ಕ್ಕೆ ಬದಲಿಸಿ. ನಿಮ್ಮದೇ ಭೇಟಿಗಳನ್ನು ತೆಗೆಯುವ ಇಂಟರ್ನಲ್ ಟ್ರಾಫಿಕ್ ಫಿಲ್ಟರ್ ಟೆಸ್ಟಿಂಗ್ ಸ್ಥಿತಿಯಲ್ಲಿ ಇರುತ್ತದೆ. ಆ್ಯಕ್ಟಿವ್ ಮಾಡದಿದ್ದರೆ ಅದು ಏನನ್ನೂ ತೆಗೆಯಲ್ಲ. ವೆಬ್‌ಸೈಟಿನ ಥೀಮ್‌ನಲ್ಲೂ (ವಿನ್ಯಾಸದ ಫೈಲು), ಟ್ಯಾಗ್ ಮ್ಯಾನೇಜರ್‌ನಲ್ಲೂ (ಇಂಥ ಕೋಡುಗಳನ್ನು ಒಂದೆಡೆ ನಿರ್ವಹಿಸುವ ಗೂಗಲ್ ಸಾಧನ) ಟ್ಯಾಗ್, ಅಂದರೆ ಗೂಗಲ್‌ನ ಟ್ರ್ಯಾಕಿಂಗ್ ಕೋಡ್, ಇದ್ದರೆ ಒಂದೇ ಓದು ಎರಡು ಸಲ ದಾಖಲಾಗುತ್ತದೆ. ಡಿಬಗ್ ಮೋಡ್ ಆನ್ ಮಾಡಿ, ದಾಖಲಾಗುವುದನ್ನು ಆಗಲೇ ತೋರಿಸುವ ಡಿಬಗ್‌ವ್ಯೂ ತೆರೆದು ಒಂದು ಪುಟ ಲೋಡ್ ಮಾಡಿ. ಪೇಜ್ ವ್ಯೂ ಎರಡು ಬಂದರೆ ಒಂದು ಟ್ಯಾಗ್ ಕಿತ್ತುಹಾಕಿ.

ವಾಟ್ಸ್ಆ್ಯಪ್ ವಿಚಾರದಲ್ಲಿ ಮೂರೂ ಒಂದೇ. ಅಲ್ಲಿಂದ ಬಂದವರು ಬಹುಪಾಲು ಡೈರೆಕ್ಟ್, ಅಂದರೆ ಎಲ್ಲಿಂದ ಬಂದರೆಂದು ಗೊತ್ತಿಲ್ಲದವರು, ಅಂತಲೇ ಕಾಣುತ್ತಾರೆ. ಗ್ರೂಪಿಗೆ ಹಾಕುವ ಲಿಂಕಿಗೆ ಯುಟಿಎಂ (ಎಲ್ಲಿಂದ ಬಂದರೆಂದು ಹೇಳಲು ಲಿಂಕಿನ ಕೊನೆಗೆ ಹಾಕುವ ಹೆಸರು) ಸೇರಿಸಿದ ಮೇಲಷ್ಟೇ ನನಗೆ ನಿಜ ಗೊತ್ತಾಗಿದ್ದು. ಆ ಹೆಸರನ್ನು ಯಾವಾಗಲೂ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಬರೆಯಿರಿ, ಒಂದು ಸಲ ದೊಡ್ಡಕ್ಷರ ಬಳಸಿದರೂ ಗೂಗಲ್‌ನಲ್ಲಿ ಅದು ಬೇರೆ ಸಾಲು.

ಆ್ಯಡ್ ಬ್ಲಾಕರ್ ಇರುವವರು ಮೂರಕ್ಕೂ ತಪ್ಪಿಸಿಕೊಳ್ಳಬಹುದು. ಅವರು ಸಿಗುವುದು ಸರ್ವರ್ ಲಾಗ್‌ನಲ್ಲಿ, ಅಂದರೆ ಸರ್ವರ್ ತಾನೇ ಬರೆದಿಡುವ ಭೇಟಿಗಳ ದಾಖಲೆಯಲ್ಲಿ. ಆದರೆ ಅಲ್ಲಿ ತಾವಾಗಿ ಪುಟ ತೆರೆಯುವ ಪ್ರೋಗ್ರಾಂಗಳಾದ ಬಾಟ್‌ಗಳದ್ದೇ ಜಾತ್ರೆ, ಸೋಸದೆ ಆ ಲೆಕ್ಕ ಪ್ರಯೋಜನವಿಲ್ಲ.

ಗೂಗಲ್‌ಗೆ ಜಾಹೀರಾತು ಕೊಡುವವರು ಗೂಗಲ್ ಅನಲಿಟಿಕ್ಸನ್ನೇ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ನಿಮಿಷ ಕಣ್ಣಾಡಿಸಿದರೆ ಸಾಕು ಅನ್ನುವವರಿಗೆ ಪ್ಲಾಸಿಬಲ್ ಹಿತವಾಗಿದೆ, ಸ್ಕ್ರಿಪ್ಟ್ ಕೂಡ ತುಂಬಾ ಚಿಕ್ಕದು. ನಾನು ಉಳಿಸಿಕೊಂಡದ್ದು ಮ್ಯಾಟೊಮೊ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಇರುವ ಸಾಮಾನ್ಯ ಹೋಸ್ಟಿಂಗ್‌ನಲ್ಲೇ ಓಡುತ್ತದೆ, ಓದುಗರ ಮಾಹಿತಿ ನನ್ನ ಸರ್ವರ್ ಬಿಟ್ಟು ಆಚೆ ಹೋಗುವುದಿಲ್ಲ. ನನಗೆ ಅದು ದೊಡ್ಡ ವಿಷಯ. ನೀವು ಒಂದರಿಂದ ಇನ್ನೊಂದಕ್ಕೆ ಹೋಗುವುದಾದರೆ ಹಳೆಯದನ್ನು ತಕ್ಷಣ ತೆಗೆಯಬೇಡಿ. ಒಂದು ತಿಂಗಳಾದರೂ ಎರಡೂ ಓಡಲಿ. ಇಲ್ಲದಿದ್ದರೆ ಗ್ರಾಫ್ ಇಳಿದಾಗ ಓದುಗರು ಕಮ್ಮಿಯಾದರೋ, ಎಣಿಸುವ ರೀತಿ ಬದಲಾಯಿತೋ ತಿಳಿಯುವುದಿಲ್ಲ.