ಎಂ5 ಐಪ್ಯಾಡ್ ಪ್ರೊ: 2018ರ ಯಂತ್ರ ಇರುವವರು ಬದಲಾಯಿಸಬೇಕೆ?

ಕೆಟ್ಟುಹೋದ ಯಂತ್ರವನ್ನು ಬದಲಾಯಿಸುವುದಕ್ಕೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಕಷ್ಟವಾಗುವುದು ಏಳು ವರ್ಷವಾದರೂ ಕೆಡದೆ ನಡೆಯುತ್ತಿರುವುದನ್ನು ಬದಲಾಯಿಸುವಾಗ. ನನ್ನಲ್ಲಿರುವುದು 2018ರಲ್ಲಿ ಬಂದ 11 ಇಂಚಿನ ಐಪ್ಯಾಡ್ ಪ್ರೊ. ಅದರ ಮೇಲೆ ನಾನು ಮಾಡುವ ಕೆಲಸಗಳು ಮುಖ್ಯವಾಗಿ ಎರಡು: ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಓದು ಮತ್ತು ಅಚ್ಚಿಗೆ ಹೋಗುವ ಪುಟಗಳ ಕರಡು ತಿದ್ದುವಿಕೆ. 2025ರ ಅಕ್ಟೋಬರಿನಲ್ಲಿ ಎಂ5 ಚಿಪ್‌ನ ಐಪ್ಯಾಡ್ ಪ್ರೊ ಬಿಡುಗಡೆಯಾದ ಮೇಲೆ, ಅದನ್ನು ಕೊಂಡಿದ್ದ ಸ್ನೇಹಿತರೊಬ್ಬರಿಂದ ಹತ್ತು ದಿನಗಳ ಮಟ್ಟಿಗೆ ಎರವಲು ಪಡೆದು, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ನನ್ನ ದಿನನಿತ್ಯದ ಕೆಲಸವನ್ನೇ ಎರಡರಲ್ಲೂ ಮಾಡಿ ನೋಡಿದೆ. ಈ ವಿಮರ್ಶೆ ಆ ಹತ್ತು ದಿನಗಳದ್ದು.

ನನ್ನನ್ನು ಒಪ್ಪಿಸುವುದು ಪರದೆಯೇ ಇರಬೇಕು ಎಂದುಕೊಂಡು ಶುರುಮಾಡಿದ್ದೆ. ಹಾಗಾಗಲಿಲ್ಲ. ಹಳೆಯದರ ಪರದೆ ಎಲ್‌ಸಿಡಿ, ಹೊಸದರದ್ದು ಎರಡು ಪದರಗಳನ್ನು ಒಂದರ ಮೇಲೊಂದು ಜೋಡಿಸಿದ ಟ್ಯಾಂಡಮ್ ಒಎಲ್‌ಇಡಿ; ಸಾಮಾನ್ಯ ಬಳಕೆಯಲ್ಲಿ ಹಳೆಯದು 600 ನಿಟ್‌ವರೆಗೆ (ನಿಟ್ ಎಂದರೆ ಪರದೆಯ ಹೊಳಪಿನ ಅಳತೆ) ಬೆಳಗಿದರೆ ಹೊಸದು 1000 ನಿಟ್‌ವರೆಗೆ ಬೆಳಗುತ್ತದೆ. ಆದರೆ ಅಕ್ಷರದ ಸ್ಪಷ್ಟತೆಯನ್ನು ನಿರ್ಧರಿಸುವ ಅಂಕಿ ಬೇರೆಯೇ ಇದೆ: ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದು. ಅದು ಎರಡರಲ್ಲೂ 264. ಒಂದೇ ಪುಟವನ್ನು ಒಂದೇ ಅಳತೆಗೆ ಹಿಗ್ಗಿಸಿ, ಸಾಲಿನ ಕೆಳಗೆ ಇಳಿದುಬರುವ ಒತ್ತಕ್ಷರಗಳನ್ನೂ ಅರ್ಕಾವತ್ತಿನ ಸಣ್ಣ ಸುರುಳಿಯನ್ನೂ ಕಣ್ಣು ಹತ್ತಿರ ತಂದು ನೋಡಿದೆ. ಸ್ಕ್ಯಾನ್‌ನಲ್ಲಿ ಮಸುಕಾಗಿದ್ದದ್ದು ಎರಡರಲ್ಲೂ ಅಷ್ಟೇ ಮಸುಕು, ಸ್ಪಷ್ಟವಾಗಿದ್ದದ್ದು ಎರಡರಲ್ಲೂ ಅಷ್ಟೇ ಸ್ಪಷ್ಟ. ಪರದೆ ಸೆಕೆಂಡಿಗೆ 120 ಬಾರಿ ಹೊಸದಾಗುವ ಸೌಲಭ್ಯವೂ ಹಳೆಯದರಲ್ಲೇ ಇರುವುದರಿಂದ ಪುಟ ಸರಿಸುವಾಗಿನ ನಯದಲ್ಲೂ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಎದ್ದು ಕಂಡದ್ದು ರಾತ್ರಿ, ದೀಪ ಆರಿಸಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಓದುವಾಗ. ಎಲ್‌ಸಿಡಿಯ ಹಿಂದಿನ ಬೆಳಕು ಪೂರ್ತಿ ಆರುವುದಿಲ್ಲವಾದ್ದರಿಂದ ಅದರ ಕಪ್ಪು ನಿಜವಾಗಿ ಒಂದು ಬಗೆಯ ಬೂದು. ಒಎಲ್‌ಇಡಿಯಲ್ಲಿ ಆಯಾ ಪಿಕ್ಸೆಲ್ ತಾನೇ ಆರಿಹೋಗುವುದರಿಂದ ಪುಟದ ಅಂಚು ಕೋಣೆಯ ಕತ್ತಲಲ್ಲಿ ಕರಗಿಹೋಗುತ್ತದೆ. ಸಿನಿಮಾ ನೋಡುವವರಿಗೆ, ಫೋಟೊಗಳ ಬಣ್ಣ ತಿದ್ದುವವರಿಗೆ ಇದು ದೊಡ್ಡ ಲಾಭವೇ ಸರಿ. ಹಗಲಿನಲ್ಲಿ ಹಳದಿಗೆ ತಿರುಗಿದ ಸ್ಕ್ಯಾನ್ ಪುಟ ಓದುವವನಿಗೆ ಇದರಿಂದ ಆಗುವ ಉಪಕಾರ ಕಡಿಮೆ.

ತೂಕ 468 ಗ್ರಾಂನಿಂದ 444ಕ್ಕೆ, ದಪ್ಪ 5.9 ಮಿಲಿಮೀಟರ್‌ನಿಂದ 5.3ಕ್ಕೆ ಇಳಿದಿದೆ. ಕವಚ ಹಾಕಿದ ಮೇಲೆ ಕೈಗೆ ಇದು ತಿಳಿಯುವುದಿಲ್ಲ.

ಹಾಗಾದರೆ ಹೊಸದು ಗೆದ್ದದ್ದು ಎಲ್ಲಿ? ಜಾಹೀರಾತಿನಲ್ಲಿ ಯಾರೂ ದೊಡ್ಡದಾಗಿ ಹೇಳದ ಜಾಗದಲ್ಲಿ, ಅಂದರೆ ತೆರೆದಿರುವ ಆ್ಯಪ್‌ಗಳನ್ನು ಹಿಡಿದಿಟ್ಟುಕೊಳ್ಳುವ ಮೆಮೊರಿಯಲ್ಲಿ (ರ‍್ಯಾಮ್). 2018ರ ಯಂತ್ರದಲ್ಲಿ, 1 ಟಿಬಿ ಸಂಗ್ರಹದ ಮಾದರಿಯೊಂದನ್ನು ಬಿಟ್ಟು, ಇರುವುದು 4 ಜಿಬಿ. ಎಂ5 ಯಂತ್ರದ ಆರಂಭಿಕ ಮಾದರಿಯಲ್ಲೇ 12 ಜಿಬಿ. ಮೆಮೊರಿ ಸಾಲದೆ ಹೋದಾಗ ಟ್ಯಾಬ್ಲೆಟ್ ನಿಧಾನವಾಗುವುದಕ್ಕಿಂತ ಹೆಚ್ಚಾಗಿ ಮರೆಯುತ್ತದೆ: ಎದುರಿಗಿಲ್ಲದ ಆ್ಯಪ್ ಅನ್ನು ಸದ್ದಿಲ್ಲದೆ ಮುಚ್ಚಿ, ನೀವು ಅಲ್ಲಿಗೆ ಮರಳಿದಾಗ ಮೊದಲಿನಿಂದ ತೆರೆಯುತ್ತದೆ. ಎಡಗಡೆ ಆರುನೂರು ಪುಟಗಳ ಸ್ಕ್ಯಾನ್ ಪಿಡಿಎಫ್, ಬಲಗಡೆ ತಿದ್ದುತ್ತಿರುವ ಕರಡು, ಹಿಂದೆ ಬ್ರೌಸರ್‌ನಲ್ಲಿ ನಿಘಂಟು, ಇದು ನನ್ನ ಮೇಜಿನ ಮಾಮೂಲಿ ಚಿತ್ರ. ಹಳೆಯದರಲ್ಲಿ ನಿಘಂಟಿಗೆ ಮರಳಿದಾಗಲೆಲ್ಲ ಪುಟ ಮತ್ತೆ ಲೋಡ್ ಆಗಿ, ಆಗಲೇ ಹುಡುಕಿಟ್ಟಿದ್ದ ಪದವನ್ನು ಇನ್ನೊಮ್ಮೆ ಟೈಪ್ ಮಾಡಬೇಕಾಗುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಯಂತ್ರದ ಮಿತಿ ಎಂಬುದೇ ಮರೆತುಹೋಗಿತ್ತು. ಹೊಸದರಲ್ಲಿ ಊಟ ಮುಗಿಸಿ ಬಂದು ನೋಡಿದರೂ ಪದ ಬಿಟ್ಟ ಜಾಗದಲ್ಲೇ ಕುಳಿತಿತ್ತು. ಐಪ್ಯಾಡನ್ನು ನಡೆಸುವ ತಂತ್ರಾಂಶ ಐಪ್ಯಾಡ್ಒಎಸ್ 26 ಎರಡೂ ಯಂತ್ರಗಳಲ್ಲಿ ನಡೆಯುತ್ತದೆ, ಕಿಟಕಿಗಳನ್ನು ಬೇಕಾದ ಅಳತೆಗೆ ಎಳೆದು ಜೋಡಿಸುವ ಅದರ ಹೊಸ ವ್ಯವಸ್ಥೆಯೂ ಎರಡರಲ್ಲೂ ಸಿಗುತ್ತದೆ. ಆದರೆ ಹೆಚ್ಚು ಕಿಟಕಿ ತೆರೆಯಲು ಆಸೆ ಹುಟ್ಟಿಸುವ ವ್ಯವಸ್ಥೆಯೊಂದು ಹೆಚ್ಚು ಮೆಮೊರಿ ಇರುವಲ್ಲಿಯೇ ಅರ್ಥಪೂರ್ಣವಾಗುತ್ತದೆ.

ಎರಡನೆಯ ಕಾರಣ ಪೆನ್ನು. ಇಲ್ಲಿ ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ: 2018ರ ಯಂತ್ರದ ಪಕ್ಕಕ್ಕೆ ಅಂಟಿಕೊಂಡು ಚಾರ್ಜ್ ಆಗುವ ಎರಡನೆಯ ತಲೆಮಾರಿನ ಆ್ಯಪಲ್ ಪೆನ್ಸಿಲ್ ಹೊಸದರೊಂದಿಗೆ ಕೆಲಸ ಮಾಡುವುದಿಲ್ಲ, ಹಳೆಯದಕ್ಕೆಂದು ಕೊಂಡ ಮ್ಯಾಜಿಕ್ ಕೀಬೋರ್ಡ್ ಕೂಡ ಹೊಂದುವುದಿಲ್ಲ. ಟ್ಯಾಬ್ಲೆಟ್ಟಿನ ಬೆಲೆಯನ್ನಷ್ಟೇ ನೋಡಿ ಲೆಕ್ಕ ಹಾಕಿದವರು ಇಲ್ಲಿ ಎಡವುತ್ತಾರೆ. ಹೊಸದಕ್ಕೆ ಹೊಂದುವ ಪೆನ್ನುಗಳು ಎರಡು: ಒತ್ತಡವನ್ನು ಗುರುತಿಸುವ, ಹಿಸುಕಿದರೆ ಸಲಕರಣೆಗಳ ಪಟ್ಟಿ ತೆರೆಯುವ, ಹೊರಳಿಸಿದರೆ ಕುಂಚದ ಓರೆ ಬದಲಾಗುವ ಪೆನ್ಸಿಲ್ ಪ್ರೊ ಒಂದು; ಇನ್ನೊಂದು, ಒತ್ತಡವನ್ನು ಗುರುತಿಸದ, ಕೇಬಲ್‌ನಿಂದಲೇ ಚಾರ್ಜ್ ಮಾಡಬೇಕಾದ, ಅಗ್ಗದ ಯುಎಸ್‌ಬಿ-ಸಿ ಪೆನ್ಸಿಲ್. ಚಿತ್ರ ಬರೆಯುವವರಿಗೆ ಮೊದಲನೆಯದು ಅನಿವಾರ್ಯ. ಕರಡು ತಿದ್ದುವವರಿಗೆ ಎರಡನೆಯದು ಸಾಕು.

ನನ್ನ ಮನಸ್ಸು ಗೆದ್ದ ಗುಣ ಎರಡು ಪೆನ್ನುಗಳಲ್ಲೂ ಇದೆ. ತುದಿ ಪರದೆಯನ್ನು ಮುಟ್ಟುವ ಮೊದಲೇ, ಸುಮಾರು 12 ಮಿಲಿಮೀಟರ್ ಎತ್ತರದಲ್ಲಿರುವಾಗಲೇ, ಗುರುತು ಎಲ್ಲಿ ಬೀಳುತ್ತದೆ ಎಂಬುದು ಚುಕ್ಕೆಯಾಗಿ ಕಾಣುತ್ತದೆ. ಬಿಟ್ಟುಹೋದ ಪದ ಸೇರಿಸಲು ಹಂಸಪಾದ ಹಾಕುವವರಿಗೆ ಇದರ ಬೆಲೆ ಗೊತ್ತು: ಎರಡು ಪದಗಳ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಅದು ಕೂರಬೇಕು, ಸ್ವಲ್ಪ ಸರಿದರೆ ಜೋಡಿಸುವವರು ಪದವನ್ನು ತಪ್ಪು ಕಡೆ ಸೇರಿಸುತ್ತಾರೆ. ಹಳೆಯದರಲ್ಲಿ ಹಾಕಿ, ಅಳಿಸಿ, ಮತ್ತೆ ಹಾಕುತ್ತಿದ್ದ ನಾನು ಹೊಸದರಲ್ಲಿ ಚುಕ್ಕೆಯನ್ನು ನೋಡಿ ಒಂದೇ ಸಲಕ್ಕೆ ಇಳಿಸಿದೆ. ಈ ಗುಣ ಎಂ2 ಚಿಪ್‌ನ 2022ರ ಐಪ್ಯಾಡ್ ಪ್ರೊದಲ್ಲೇ ಬಂದಿದೆಯಾದ್ದರಿಂದ, ಇದೊಂದಕ್ಕಾಗಿ ಎಂ5 ಬೇಕೇಬೇಕು ಎಂದು ಹೇಳಲಾರೆ.

ಚಿಪ್‌ನ ವೇಗದ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚಿಲ್ಲ. ವಿಡಿಯೊ ಸಂಕಲನ ಮಾಡುವವರಿಗೆ ಅದು ಕಂಡೀತು. ನನಗೆ ಪುಟ ತಿರುವುವುದರಲ್ಲಿ ಕಾಣಲಿಲ್ಲ. ಆ್ಯಪಲ್‌ನ ಕೃತಕ ಬುದ್ಧಿಮತ್ತೆಯ ಸೌಲಭ್ಯವಾದ ಆ್ಯಪಲ್ ಇಂಟೆಲಿಜೆನ್ಸ್ ಹಳೆಯದರಲ್ಲಿ ನಡೆಯುವುದಿಲ್ಲ ಎಂಬುದು ನಿಜ, ಆದರೆ ಎಂ5 ಬಿಡುಗಡೆಯ ಹೊತ್ತಿಗೆ ಅದಕ್ಕೆ ಕನ್ನಡವೂ ಬರುತ್ತಿರಲಿಲ್ಲವಾದ್ದರಿಂದ ನಮ್ಮಿಬ್ಬರಿಗೂ ಪರಸ್ಪರ ಕೆಲಸವಿರಲಿಲ್ಲ. ಮುಂಭಾಗದ ಕ್ಯಾಮೆರಾ ಉದ್ದನೆಯ ಅಂಚಿಗೆ ಬಂದಿರುವುದು ಮಾತ್ರ ಸಣ್ಣದಾದರೂ ಒಳ್ಳೆಯ ಬದಲಾವಣೆ; ಅಡ್ಡಲಾಗಿ ನಿಲ್ಲಿಸಿ ವಿಡಿಯೊ ಕರೆ ಮಾಡಿದಾಗ ಎದುರಿನವರನ್ನು ಬಿಟ್ಟು ಗೋಡೆಯ ಜೊತೆ ಮಾತನಾಡುತ್ತಿರುವಂತೆ ಈಗ ಕಾಣುವುದಿಲ್ಲ.

ಹೊಸದರ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಆರೋಗ್ಯವನ್ನು ಶೇಕಡಾವಾರು ನೋಡುವ ಮತ್ತು ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಆಯ್ಕೆಗಳಿವೆ. ಇವು 2018ರ ಯಂತ್ರದಲ್ಲಿ ಇಲ್ಲ. ಸದಾ ಚಾರ್ಜರಿಗೆ ಸಿಕ್ಕಿಸಿಟ್ಟು ಕೆಲಸ ಮಾಡುವ ನನ್ನಂಥವರು ಮೊದಲ ದಿನವೇ ಎರಡನೆಯದನ್ನು ಹಾಕಿಕೊಳ್ಳುವುದು ಮೇಲು.

ಬೇರೆ ಯಂತ್ರ ಇರುವವರ ಲೆಕ್ಕ ಬೇರೆ. 2024ರ ಎಂ4 ಐಪ್ಯಾಡ್ ಪ್ರೊ ಇರುವವರು ಈ ಕಡೆ ತಿರುಗಿಯೂ ನೋಡಬೇಕಾಗಿಲ್ಲ; ಅದೇ ದೇಹ, ಅದೇ ಪರದೆ, ಅವೇ ಪೆನ್ನುಗಳು. 12.9 ಇಂಚಿನ 2021ರ ಅಥವಾ 2022ರ ಯಂತ್ರವನ್ನು ಕೈಯಲ್ಲೇ ಹಿಡಿದು ಓದುವವರಿಗೆ 682 ಗ್ರಾಂನಿಂದ 13 ಇಂಚಿನ ಎಂ5ರ 579ಕ್ಕೆ ಇಳಿಯುವುದು ಮಣಿಕಟ್ಟಿಗೆ ತಿಳಿಯುವಂಥ ವ್ಯತ್ಯಾಸ. ಕಡಿಮೆ ಬೆಲೆಯ ಐಪ್ಯಾಡ್ ಏರ್ ಅನ್ನು ನಾನೂ ಯೋಚಿಸಿದ್ದೆ. 2025ರ ಎಂ3 ಏರ್‌ನಲ್ಲಿ 8 ಜಿಬಿ ಮೆಮೊರಿ ಇದೆ, ಎರಡೂ ಹೊಸ ಪೆನ್ನುಗಳು ಹೊಂದುತ್ತವೆ. ಆದರೆ ಪರದೆ 60 ಹರ್ಟ್ಜ್‌ನದು, ಅಂದರೆ ಸೆಕೆಂಡಿಗೆ 60 ಬಾರಿ ಮಾತ್ರ ಹೊಸದಾಗುವಂಥದ್ದು. ಸಾದಾ ಟ್ಯಾಬ್ಲೆಟ್‌ನಿಂದ ಬರುವವರಿಗೆ ಇದು ಕೊರತೆ ಎನ್ನಿಸದು. ಏಳು ವರ್ಷ 120ಕ್ಕೆ ಒಗ್ಗಿದ ಕಣ್ಣಿಗೆ ಶಾಯಿ ಪೆನ್ನಿನ ತುದಿಯಿಂದ ತುಸು ಹಿಂದೆ ಬೀಳುವುದು ಕಾಣುತ್ತದೆ, ಕಂಡ ಮೇಲೆ ಮರೆಯುವುದಿಲ್ಲ.

ನಾನು ಬದಲಾಯಿಸಲು ನಿರ್ಧರಿಸಿದೆ. 11 ಇಂಚು, 256 ಜಿಬಿ ಸಂಗ್ರಹ, ಯುಎಸ್‌ಬಿ-ಸಿ ಪೆನ್ಸಿಲ್, ಇಷ್ಟೇ. ಬೆಳಕು ಪ್ರತಿಫಲಿಸದ ನ್ಯಾನೊ-ಟೆಕ್ಸ್ಚರ್ ಗಾಜಿನ ಮೇಲೆ ಆಸೆಯಿತ್ತು, ಆದರೆ ಅದು 1 ಟಿಬಿ ಮತ್ತು 2 ಟಿಬಿ ಮಾದರಿಗಳಿಗೆ ಮಾತ್ರ ಸಿಗುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರುವುದನ್ನು ಬಿಡುವುದು ಅದಕ್ಕಿಂತ ಅಗ್ಗ. ಹಳೆಯದನ್ನು ಮಾರುವುದಿಲ್ಲ: ಅಕ್ಷರ ಅಷ್ಟೇ ಸ್ಪಷ್ಟವಾಗಿ ಕಾಣುವುದರಿಂದ ಮೂಲ ಪುಸ್ತಕದ ಸ್ಕ್ಯಾನ್ ಅದರ ಮೇಲೇ ತೆರೆದಿರಲಿ, ಕರಡು ಹೊಸದರಲ್ಲಿ ನಡೆಯಲಿ ಎಂದುಕೊಂಡಿದ್ದೇನೆ. ಹೊಸದಕ್ಕೆ ಹೊಂದದ ಹಳೆಯ ಪೆನ್ನು ಹಳೆಯದರ ಪಕ್ಕದಲ್ಲೇ ಅಂಟಿಕೊಂಡಿದೆ.