ಅನ್ನ-ಸಾರಿನ ಆಸೆಗೆ ಮಗುವನ್ನು ಬಿಟ್ಟು ಬಂದೆ

ಇಂಗ್ಲೆಂಡಿನಲ್ಲಿ ಪುಟ್ಟ ಮಕ್ಕಳಿರುವ ನಮ್ಮವರು ಇದನ್ನು ಓದಿ. ಮುಖ್ಯವಾಗಿ, ವಾಟ್ಸಾಪ್ ಗುಂಪಿನಲ್ಲಿ ‘ಮಗು ನೋಡಿಕೊಳ್ಳೋ ಆಂಟಿ ಯಾರಾದ್ರೂ ಇದ್ದಾರಾ’ ಅಂತ ಕೇಳುತ್ತಿರುವವರು.

ನಾನೂ ಹಾಗೇ ಕೇಳಿದ್ದೆ. ಮಗಳಿಗೆ ಒಂದೂವರೆ ವರ್ಷ, ರಜೆ ಮುಗಿದಿತ್ತು, ನರ್ಸರಿ ಫೀಸು ಕೇಳಿ ತಲೆ ತಿರುಗಿತ್ತು. ಸಿಕ್ಕಿದ ಆಂಟಿ ನಮ್ಮ ಕಡೆಯವರೇ. ಮನೆಯಲ್ಲೇ ಮೂರು ಮಕ್ಕಳು, ಮಧ್ಯಾಹ್ನ ಅನ್ನ, ಸಾರು, ತುಪ್ಪ. ‘ಸದ್ಯ, ಕೂಸು ಫಿಶ್ ಫಿಂಗರ್ ತಿನ್ನೋದು ತಪ್ಪಿತು’ ಅಂತ ಊರಲ್ಲಿ ಅತ್ತೆಗೂ ನೆಮ್ಮದಿ. ನಾನು ಬೇರೇನೂ ವಿಚಾರಿಸಲೇ ಇಲ್ಲ.

ಆರು ವಾರ ಕಳೆದು ಒಂದು ಮಂಗಳವಾರ, ಮೂರು ಗಂಟೆಗೆ ಫೋನ್ ಬಂತು. ಓಡಿಹೋದರೆ ಮಗಳ ಜೊತೆ ಇನ್ನೊಬ್ಬ ಹುಡುಗನೂ ವಾಂತಿ ಮಾಡುತ್ತಿದ್ದ. ಸಂಜೆವರೆಗೂ ಮಗಳ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದೆ. ಏನು ತಿಂದಳು ಅಂದರು. ಅನ್ನ ಅಂದೆ. ಯಾವಾಗ ಮಾಡಿದ್ದು? ಅದು ನನಗೇನು ಗೊತ್ತು! ಆಂಟಿಯನ್ನು ಕೇಳಿದೆ. “ನಿನ್ನೆ ರಾತ್ರಿದು ಕಣಮ್ಮ, ಕುಕ್ಕರಲ್ಲೇ ಇತ್ತು. ಹಬೆ ಆಡೋ ಹಾಗೆ ಬಿಸಿ ಮಾಡೇ ಕೊಟ್ಟೆ.”

ನಮ್ಮಮ್ಮನೂ ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿಯೇ ನಮ್ಮನ್ನು ಸಾಕಿದ್ದು, ಹಾಗಾಗಿ ಅವರನ್ನು ಬೈಯಲು ಬಾಯಿ ಬರಲಿಲ್ಲ. ಆದರೆ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು, ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಇದ್ದರೆ ಮೊಳೆತು ವಿಷ ಬಿಡುತ್ತವೆ. ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನವನ್ನು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೇ, ಆರಿಸಿ ಫ್ರಿಜ್ಜಿಗಿಡಬೇಕು, 24 ಗಂಟೆಯೊಳಗೆ ಮುಗಿಸಬೇಕು, ಒಂದೇ ಸಲ ಬಿಸಿ ಮಾಡಬೇಕು ಅನ್ನುವುದು ಇಲ್ಲಿನ ಸಲಹೆ. ಮಗಳ ವಾಂತಿಯನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಆದರೆ ಅನ್ನ ಉಂಡ ಎರಡು-ಮೂರು ಗಂಟೆಗೇ ಇಬ್ಬರಿಗೂ ಹಾಗಾದದ್ದು ನನಗಂತೂ ಸಾಕು.

ಮಾರನೇ ದಿನ ಅವಳು ಚೇತರಿಸಿಕೊಂಡಳು. ಆಮೇಲೆ ನಿಯಮ ಹುಡುಕಿದೆ. ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ ಊಟದಿಂದ ಹೀಗಾದರೆ, ಮನೆಯಲ್ಲೇ ದುಡ್ಡಿಗೆ ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಮೈಂಡರ್ 14 ದಿನದೊಳಗೆ, ಶಾಲೆ ಮತ್ತು ಮಕ್ಕಳ ಪಾಲನೆಯ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ಗೆ ತಿಳಿಸಬೇಕು. ಆಂಟಿಗೆ ಹೇಳಿದರೆ, “ನಂದು ರಿಜಿಸ್ಟರ್ ಆಗಿಲ್ಲಮ್ಮ.” ಎಂಟು ವರ್ಷದೊಳಗಿನ ಬೇರೆಯವರ ಮಕ್ಕಳನ್ನು ದುಡ್ಡು ತಗೊಂಡು ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಮೀರಿ ನೋಡಿಕೊಂಡರೆ ನೋಂದಣಿ ಕಡ್ಡಾಯ. ಸುಳಿವು ಮೊದಲ ದಿನವೇ ಸಿಕ್ಕಿತ್ತು: “ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಎಲ್ಲ ಬೇಡ, ಕ್ಯಾಶ್ ಕೊಡು.” ನಾವು ಹಾಕುವ ಎಂಟು ಪೌಂಡಿಗೆ ಸರ್ಕಾರ ಎರಡು ಪೌಂಡ್ ಸೇರಿಸುವ ಆ ಖಾತೆಯಿಂದ ನೋಂದಣಿ ಇಲ್ಲದವರಿಗೆ ದುಡ್ಡು ಹೋಗುವುದಿಲ್ಲ. ಉಳಿತಾಯ ಅಂತ ಹೋಗಿ ನಾನು ಅದನ್ನೂ ಕಳೆದುಕೊಂಡಿದ್ದೆ.

ಈಗಿನ ಚೈಲ್ಡ್‌ಮೈಂಡರ್ ಸರ್ಟಿಫಿಕೇಟನ್ನು ಗೋಡೆಗೆ ಹಾಕಿದ್ದಾರೆ. ಫ್ರಿಜ್ ತೆಗೆದು ತೋರಿಸಿ ಅಂದೆ, ಬೇಜಾರಾಗಲಿಲ್ಲ. ಒಳಗೆ ಥರ್ಮಾಮೀಟರಿತ್ತು, ನಾಲ್ಕು ಡಿಗ್ರಿ. ಅಲರ್ಜಿ ಏನಾದರೂ ಇದೆಯಾ ಅಂತ ಅವರೇ ಮೊದಲು ಕೇಳಿದರು. ನಾನು ಕೊಟ್ಟ ದ್ರಾಕ್ಷಿ ಡಬ್ಬಿಯನ್ನು ವಾಪಸ್ ಕೊಟ್ಟು, ಉದ್ದುದ್ದಕ್ಕೆ ಸೀಳಿ ತನ್ನಿ, ಇಡೀ ಹಣ್ಣು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅಂದರು.

ಅವರು ಅನ್ನ ಮಾಡುವುದಿಲ್ಲ. ಮಗಳು ಫಿಶ್ ಫಿಂಗರ್ ತಿನ್ನುತ್ತಾಳೆ. ಅತ್ತೆಗಿನ್ನೂ ಹೇಳಿಲ್ಲ.